ಲಖನೌದಲ್ಲಿ ಸಿಕ್ಕ ಫಿರಂಗಿ

ಮೀಟಿಂಗು ಶುಕ್ರವಾರ ಸಂಜೆಗೇ ಮುಗಿದುಹೋಯಿತು. ವಾಪಸ್ ಫ್ಲೈಟು ಶನಿವಾರ ರಾತ್ರಿ. ಜೊತೆಗೆ ಬಂದಿದ್ದ ಸಹೋದ್ಯೋಗಿ ದೆಹಲಿಯಲ್ಲಿ ಅಕ್ಕನ ಮನೆ ಇದೆ ಅಂತ ರಾತ್ರಿಯ ರೈಲು ಹತ್ತಿದ. ಹೀಗಾಗಿ ಲಖನೌ ಎಂಬ ಊರಿನಲ್ಲಿ ಒಂದು ಇಡೀ ದಿನ, ಒಬ್ಬರ ಪರಿಚಯವೂ ಇಲ್ಲದೆ, ನನ್ನ ಪಾಲಿಗೆ ಬಿತ್ತು.

ಒಂಟಿಯಾಗಿ ಊರು ನೋಡೋದು ನನಗೆ ಹೊಸದೇನಲ್ಲ. ಆದರೆ ವಿಂಧ್ಯದ ಆಚೆ ನನ್ನ ಹಿಂದಿ ಅಷ್ಟಕ್ಕಷ್ಟೆ. ಅದು ದೂರದರ್ಶನದಲ್ಲಿ ಕಲಿತ ಹಿಂದಿ. ಲಖನೌ ಜನ 'ಆಪ್' ಅಂತ ಬಹುವಚನದಲ್ಲಿ ಕರೆದು ಮಾತಾಡಿಸಿದರೆ ನಮ್ಮ ಮಂಡ್ಯದ ಬಾಯಿಗೆ ಏನು ಉತ್ತರ ಕೊಡಬೇಕು ಅಂತಲೇ ಗೊತ್ತಾಗಲ್ಲ. ನಮ್ಮಲ್ಲಿ ಪ್ರೀತಿ ಜಾಸ್ತಿಯಾದಷ್ಟೂ ಏಕವಚನ ಅಲ್ವಾ. ಹಜರತ್‌ಗಂಜಿನ ಹೋಟೆಲಿನಿಂದ ಬೆಳಗ್ಗೆ ಏಳಕ್ಕೇ ಹೊರಬಿದ್ದೆ. ಪ್ಲ್ಯಾನು ಸರಳ: ಬಡಾ ಇಮಾಂಬಾಡಾ, ರೆಸಿಡೆನ್ಸಿ, ಹೊತ್ತು ಉಳಿದರೆ ಕ್ಲಾಡ್ ಮಾರ್ಟಿನ್ ಕಟ್ಟಿಸಿದ ಆ ವಿಚಿತ್ರ ಅರಮನೆ, ಆಮೇಲೆ ಕಬಾಬು, ವಿಮಾನ.

ಬಡಾ ಇಮಾಂಬಾಡಾ ಬಗ್ಗೆ ಎಲ್ಲರೂ ಭೂಲ್‌ಭುಲೈಯಾ ಕತೆಯನ್ನೇ ಹೇಳುತ್ತಾರೆ. ಮೇಲಿನ ಚಕ್ರವ್ಯೂಹದಂಥ ಓಣಿಗಳು, ಒಂದೇ ಥರ ಕಾಣುವ ಬಾಗಿಲುಗಳು. ಗೈಡುಗಳ ಲೆಕ್ಕದಲ್ಲಿ 489. ನಾನೂ ಒಬ್ಬ ಗೈಡನ್ನು ಹಿಡಿದೆ. ಸಭಾಂಗಣದ ಆ ತುದಿಯ ಮೊಗಸಾಲೆಯಲ್ಲಿ ನನ್ನನ್ನು ನಿಲ್ಲಿಸಿ, ಈ ತುದಿಯಲ್ಲಿ ತಾನು ಬೆಂಕಿಕಡ್ಡಿ ಗೀರಿದ. ಸುಮಾರು ಐವತ್ತು ಮೀಟರ್ ದೂರಕ್ಕೆ ಆ 'ಸರ್ರ್' ಕೇಳಿಸಿತು. ಅಷ್ಟು ದೊಡ್ಡ ಹಾಲ್, ಹದಿನೈದು ಮೀಟರ್ ಎತ್ತರದ ಕಮಾನು, ನಡುವೆ ಒಂದು ಕಂಬವಿಲ್ಲ, ಒಂದು ತೊಲೆ ಇಲ್ಲ.

ಆದರೆ ನನಗೆ ಹಿಡಿಸಿದ್ದು ಅದನ್ನು ಕಟ್ಟಿದ ಕಾರಣ. 1783–84ರಲ್ಲಿ ಉತ್ತರ ಭಾರತದಲ್ಲಿ ಭೀಕರ ಬರ. 'ಚಾಲೀಸಾ' ಅಂತ ಅದರ ಹೆಸರು, ವಿಕ್ರಮ ಸಂವತ್ 1840ರಲ್ಲಿ ಬಂದದ್ದಕ್ಕೆ. ನವಾಬ ಆಸಫ್-ಉದ್-ದೌಲಾ ಜನರಿಗೆ ಕೂಲಿ ಸಿಗಲಿ ಅಂತ 1784ರಲ್ಲಿ ಈ ಕೆಲಸ ಶುರು ಮಾಡಿಸಿದ. ಹಗಲು ಬಡವರು ಕಟ್ಟುತ್ತಿದ್ದರಂತೆ. ರಾತ್ರಿ, ಭಿಕ್ಷೆ ಬೇಡಲಾರದ ಮರ್ಯಾದಸ್ಥರು ಮುಖ ಮರೆಸಿಕೊಂಡು ಬಂದು ಕೆಡವುತ್ತಿದ್ದರಂತೆ, ಕೆಲಸ ಬೇಗ ಮುಗಿಯದಿರಲಿ ಅಂತ. ಇದು ಊರವರು ಹೇಳುವ ಕತೆ, ದಾಖಲೆಯಲ್ಲ. ಬರಗಾಲದ ಕಾಮಗಾರಿ ಅಂದರೆ ನಮಗೆ ಕೆರೆ ಹೂಳು, ರಸ್ತೆ ಬದಿ ಜಲ್ಲಿ. ಇಲ್ಲಿ ಒಬ್ಬ ದೊರೆ ಬರಗಾಲದ ಕೂಲಿಯಲ್ಲಿ ಇಂಥದ್ದನ್ನು ಎಬ್ಬಿಸಿಬಿಟ್ಟಿದ್ದಾನೆ. ಈ ಕಾಲದಲ್ಲೇ ನವಾಬನ ಖಜಾನೆಯಿಂದ ಈಸ್ಟ್ ಇಂಡಿಯಾ ಕಂಪನಿಗೆ ವರ್ಷಾವರ್ಷ ಸೈನ್ಯದ ಖರ್ಚಿನ ಹಣ ಹೋಗುತ್ತಿತ್ತು ಅನ್ನೋದನ್ನೂ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗೈಡು ಕೇಳಿದ, ಎಲ್ಲಿಯವರು ಅಂತ. ಬೆಂಗಳೂರು ಅಂದೆ. ಸುಳ್ಳೇನಲ್ಲ, ಬಾಡಿಗೆ ಕಟ್ಟೋದು ಅಲ್ಲೇ. 'ಅಸಲೀ ಗಾಂವ್?' ಅಂದ. ಪೂರಿಗಾಲಿ, ಮಳವಳ್ಳಿ ತಾಲ್ಲೂಕು, ಮಂಡ್ಯ. ಮೂರಕ್ಕೂ ಅವನ ಮುಖದಲ್ಲಿ ಏನೂ ಮೂಡಲಿಲ್ಲ. ಶ್ರೀರಂಗಪಟ್ಟಣದ ಹತ್ತಿರ ಅಂದೆ, ಅದೂ ಇಲ್ಲ. ಟೀಪು ಸುಲ್ತಾನ್ ಊರು ಅಂದ ತಕ್ಷಣ ಅವನ ಕಣ್ಣರಳಿತು. ಸಣ್ಣವನಿದ್ದಾಗ ಟೀವಿಯಲ್ಲಿ ಬಂದ ಧಾರಾವಾಹಿ, ಸಂಜಯ್ ಖಾನ್‌ದು, ಅದನ್ನು ನೋಡಿದ್ದನಂತೆ. ಮೂವತ್ತು ವರ್ಷದ ಹಿಂದಿನ ಒಂದು ಸೀರಿಯಲ್ಲು ಇಲ್ಲದಿದ್ದರೆ ನಮ್ಮ ಜಿಲ್ಲೆಗೆ ಲಖನೌದಲ್ಲಿ ವಿಳಾಸವೇ ಇರುತ್ತಿರಲಿಲ್ಲ.

ರೆಸಿಡೆನ್ಸಿಗೆ ಹೋದಾಗ ಹನ್ನೊಂದು ಗಂಟೆ. ನವಾಬನ ಆಸ್ಥಾನದಲ್ಲಿದ್ದ ಕಂಪನಿಯ ಪ್ರತಿನಿಧಿಯ ವಾಸಸ್ಥಾನ ಇದು. 1857ರ ಜೂನ್ ಕೊನೆಯಿಂದ ನವೆಂಬರ್‌ವರೆಗೆ ಸುಮಾರು ಮೂರು ಸಾವಿರ ಜನ ಇದರೊಳಗೆ ಸಿಕ್ಕಿಹಾಕಿಕೊಂಡಿದ್ದರು. ಸುತ್ತ ದಂಗೆ ಎದ್ದ ಸಿಪಾಯಿಗಳು. ಗೋಡೆಗಳ ಮೇಲೆ ಗುಂಡಿನ ತೂತುಗಳು ಇವತ್ತಿಗೂ ಹಾಗೇ ಇವೆ. ದುರಸ್ತಿ ಮಾಡದೆ ಬಿಟ್ಟಿದ್ದು ಬೇಕಂತಲೇ. ಇಲ್ಲಿನ ಯೂನಿಯನ್ ಜಾಕನ್ನು ರಾತ್ರಿಯೂ ಇಳಿಸುತ್ತಿರಲಿಲ್ಲ. ಅದು ಇಳಿದದ್ದು 1947ರ ಆಗಸ್ಟಿನಲ್ಲೇ. ಈಗ ಹುಲ್ಲುಹಾಸು, ಹಳೇ ಮರಗಳು, ಮರದ ಕೆಳಗೆ ಕಾಲೇಜು ಜೋಡಿಗಳು. ಒಂದು ತೂತುಬಿದ್ದ ಗೋಡೆಯ ಮುಂದೆ ನಾನೂ ಸೆಲ್ಫಿ ತೆಗೆದುಕೊಂಡೆ. ಬೆಳಕು ಚೆನ್ನಾಗಿತ್ತು, ಫೋಟೋ ಚೆನ್ನಾಗಿ ಬಂತು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಬೇರೆಯವರ ಊರಿನ ಹಾಳು ಕಟ್ಟಡ ನೋಡುವಾಗ ನಮಗೆ ಸಿಗೋದು ಒಂಥರಾ ಖುಷಿಯೇ. ಸತ್ತವರು ಯಾರೋ, ಕೊಂದವರು ಯಾರೋ. ಅರ್ಧ ದಿನ ನಾನು ಆ ಖುಷಿಯಲ್ಲೇ ಇದ್ದೆ.

ಮಧ್ಯಾಹ್ನ ಊಟ ಮುಗಿಸಿ ಆಟೋದವನಿಗೆ 'ಲಾ ಮಾರ್ಟಿನಿಯರ್' ಅಂದೆ.

ಇದು ನಡೆಯುತ್ತಿರುವ ಶಾಲೆ. ಟಿಕೆಟ್ ಕೊಟ್ಟು ನೋಡುವ ಜಾಗ ಅಲ್ಲ. ಗೇಟಿನಲ್ಲಿ ಕೇಳಿದೆ. ಕಾವಲಿನವರು ಆಧಾರ್ ಕಾರ್ಡ್ ತೆಗೆದುಕೊಂಡು ಅದರ ಮೇಲಿನ ಕನ್ನಡವನ್ನು ಸ್ವಲ್ಪ ಹೊತ್ತು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಒಳಗೆ ಫೋನ್ ಮಾಡಿದರು. ಕೊನೆಗೆ ಒಬ್ಬರನ್ನು ಜೊತೆಗೆ ಕೊಟ್ಟು, ಹದಿನೈದು ನಿಮಿಷ, ಹೊರಗಿನಿಂದ ಮಾತ್ರ ಅಂದರು. ಅದೇ ಹೆಚ್ಚು.

ಕಟ್ಟಡದ ಹೆಸರು ಕಾನ್‌ಸ್ಟಾನ್ಷಿಯಾ. ಗೋಮತಿ ನದಿ ಕಡೆಗೆ ಮುಖ. ಮೇಲೆ ಮೇಲೆ ಅಂತಸ್ತುಗಳು, ತುದಿಯಲ್ಲಿ ಒಂದರ ಮೇಲೊಂದು ಅಡ್ಡಹಾಯ್ದ ಕಮಾನುಗಳು, ಸಿಂಹಗಳು, ಗ್ರೀಕ್ ದೇವತೆಗಳ ಥರದ ಬೊಂಬೆಗಳು. ಅರ್ಧ ಕೋಟೆ, ಅರ್ಧ ಮದುವೆ ಕೇಕು. ಕಟ್ಟಿಸಿದವನು ಕ್ಲಾಡ್ ಮಾರ್ಟಿನ್, 1735ರಲ್ಲಿ ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ ಹುಟ್ಟಿದವನು. ಫ್ರೆಂಚ್ ಸೈನಿಕನಾಗಿ ಪಾಂಡಿಚೇರಿಗೆ ಬಂದು, 1760ರಲ್ಲಿ ಫ್ರೆಂಚರ ಕೈ ಸೋಲುತ್ತಿದೆ ಅಂತ ಗೊತ್ತಾದಾಗ ಇಂಗ್ಲಿಷರ ಕಡೆಗೆ ಜಿಗಿದ. ತಮಾಷೆ ನೋಡಿ, ಅದೇ ವರ್ಷ ನಮ್ಮ ಹೈದರಾಲಿ ಪಾಂಡಿಚೇರಿಯ ಫ್ರೆಂಚರಿಗೆ ಸಹಾಯ ಮಾಡೋಕೆ ಪಡೆ ಕಳಿಸಿದ್ದ. ಹೈದರನ ಜನ ಆ ಕಡೆಗೆ ಹೋಗುವಾಗ ಈ ಪುಣ್ಯಾತ್ಮ ಆ ಕಡೆಯಿಂದ ಈ ಕಡೆಗೆ ಬರುತ್ತಿದ್ದ.

ಲಖನೌಗೆ ಬಂದ ಮೇಲೆ ಮಾರ್ಟಿನ್ ನವಾಬನ ಶಸ್ತ್ರಾಗಾರದ ಮೇಲ್ವಿಚಾರಕನಾದ. ನೀಲಿ ವ್ಯಾಪಾರ ಮಾಡಿದ, ಬಡ್ಡಿಗೆ ಸಾಲ ಕೊಟ್ಟ, ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಬಿಟ್ಟ. ಬಿಸಿಗಾಳಿ ಬಲೂನು ಹಾರಿಸಿದ, ಅದೂ ಫ್ರಾನ್ಸಿನಲ್ಲಿ ಮೊದಲ ಬಲೂನು ಹಾರಿದ ಎರಡೇ ವರ್ಷಕ್ಕೆ. ಮೂತ್ರಕೋಶದಲ್ಲಿ ಕಲ್ಲಾದಾಗ ತೆಳ್ಳನೆಯ ಅರವನ್ನು ಒಳಗೆ ತೂರಿಸಿ ತಾನೇ ಸ್ವಲ್ಪ ಸ್ವಲ್ಪವಾಗಿ ತೇಯ್ದುಕೊಂಡು ವಾಸಿ ಮಾಡಿಕೊಂಡವನು. (ಓದುವಾಗ ಕಾಲು ಮಡಚಿಕೊಂಡಿರಿ ಅಂತ ನನಗೆ ಗೊತ್ತು.) ಈಗಿನ ಕಾಲದಲ್ಲಿ ಇದ್ದಿದ್ದರೆ ಸ್ಟಾರ್ಟಪ್ ಪಾಡ್‌ಕಾಸ್ಟ್‌ಗಳಲ್ಲಿ ಕೂರುತ್ತಿದ್ದ. 1800ರ ಸೆಪ್ಟೆಂಬರ್‌ನಲ್ಲಿ ಸತ್ತ. ಮನೆ ಇನ್ನೂ ಮುಗಿದಿರಲಿಲ್ಲ. ನವಾಬ ಅದನ್ನು ಕಿತ್ತುಕೊಳ್ಳಬಾರದು ಅಂತ, ತನ್ನನ್ನು ಆ ಮನೆಯ ನೆಲಮಾಳಿಗೆಯಲ್ಲೇ ಹೂಳಿ ಅಂತ ಉಯಿಲು ಬರೆದಿದ್ದ. ಗೋರಿ ಇರುವ ಮನೆಗೆ ಮುಸ್ಲಿಂ ದೊರೆ ಕೈ ಹಾಕಲಾರ ಅನ್ನೋ ಲೆಕ್ಕ. ಲೆಕ್ಕ ಸರಿಯಾಯಿತು. ಅವನ ಹಣದಿಂದ ಕಲ್ಕತ್ತಾ, ಲಖನೌ, ಲಿಯೋನ್ ಮೂರೂ ಊರಿನಲ್ಲಿ ಶಾಲೆಗಳಾದವು.

ಕಟ್ಟಡದ ಮುಂದಿನ ಜಗಲಿಯಲ್ಲಿ ಒಂದು ಕಂಚಿನ ಫಿರಂಗಿ, ಒಂದು ಕಂಚಿನ ಗಂಟೆ. ಎರಡೂ 1786ರಲ್ಲಿ ಮಾರ್ಟಿನ್ ಎರಕ ಹೊಯ್ಯಿಸಿದವು. ಜೊತೆಗೆ ಬಂದವರು ಫಿರಂಗಿಯ ಬೆನ್ನು ತಟ್ಟಿ, 'ಇದರ ಹೆಸರು ಲಾರ್ಡ್ ಕಾರ್ನ್‌ವಾಲಿಸ್' ಅಂದರು. ಎಲ್ಲಿ ಬಳಸಿದ್ದರು ಅಂತ ಸುಮ್ಮನೆ ಕೇಳಿದೆ.

'ಸೆರಿಂಗಾಪಟಂ' ಅಂದರು.

ಒಂದು ಕ್ಷಣ ನನಗೆ ಅದು ಯಾವ ಊರು ಅಂತ ಹೊಳೆಯಲೇ ಇಲ್ಲ. ಆಮೇಲೆ ಹೊಳೆಯಿತು. ಚಿಕ್ಕಂದಿನಲ್ಲಿ ಶಾಲೆಯಿಂದ ವ್ಯಾನಿನಲ್ಲಿ ಹೋಗಿ, ದರಿಯಾ ದೌಲತ್ ಗೋಡೆಯ ಚಿತ್ರ ನೋಡಿ, ಸಂಗಮದಲ್ಲಿ ಕಾಲು ತೊಳೆದು, ಪುಳಿಯೋಗರೆ ತಿಂದು ವಾಪಸ್ ಬಂದ ಊರು. 1792ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದಾಗ ಅವನ ಸೈನ್ಯದಲ್ಲಿದ್ದ ಫಿರಂಗಿ ಇದು. ಎರಡು ಸಾವಿರ ಕಿಲೋಮೀಟರ್ ದೂರದಲ್ಲಿ, ಹುಡುಗರ ಶಾಲೆಯೊಂದರ ಮುಂದೆ, ಬಿಸಿಲಿಗೆ ಮೈಯೊಡ್ಡಿ ಕೂತಿದೆ. ಮುಟ್ಟಿದೆ. ಕಂಚು ಕಾದು ಸುಡುತ್ತಿತ್ತು.

ಅಲ್ಲಿಂದ ಹೊರಗೆ ಬಂದವನು ಉಳಿದ ದಿನ ಎಲ್ಲಿಗೂ ಹೋಗಲಿಲ್ಲ. ಹಜರತ್‌ಗಂಜಿನಲ್ಲಿ ಒಂದು ಚಹಾ ಅಂಗಡಿ ಹಿಡಿದು ಕೂತೆ, ಫೋನಿನಲ್ಲಿದ್ದ ಹಳೇ ಪುಸ್ತಕಗಳ ಪಿಡಿಎಫ್ ತೆಗೆದೆ. ಮೈಸೂರು ಯುದ್ಧಗಳ ಬಗ್ಗೆ ಓದುವ ಚಟ ಮೊದಲಿಂದ ಇತ್ತು. ಆದರೆ ಆವತ್ತು ಓದಿದ ರೀತಿ ಬೇರೆ.

ಬೆಂಗಳೂರಿನವರಿಗೆ ಈ ಯುದ್ಧ ಗೊತ್ತಿರುವ ರೀತಿಯಲ್ಲೇ ಹೇಳುತ್ತೇನೆ. ಕೆ.ಆರ್. ಮಾರ್ಕೆಟ್ ಹತ್ತಿರ ಕೋಟೆಯ ಗೋಡೆ ಮೇಲೆ ಒಂದು ಅಮೃತಶಿಲೆಯ ಫಲಕ ಇದೆ ನೋಡಿ, ಇಲ್ಲೇ ಗೋಡೆ ಒಡೆದು ಒಳನುಗ್ಗಿದರು ಅಂತ, ಅದು 1791ರ ಮಾರ್ಚ್ 21. ಸೂರ್ಯೋದಯ ನೋಡೋಕೆ ಬೈಕಿನಲ್ಲಿ ಹೋಗುವ ನಂದಿಬೆಟ್ಟ ಇಂಗ್ಲಿಷರ ಕೈಗೆ ಹೋದದ್ದು ಅದೇ ಅಕ್ಟೋಬರಿನಲ್ಲಿ. ಟ್ರೆಕ್ ಮಾಡುವ ಸಾವನದುರ್ಗ ಡಿಸೆಂಬರ್ 21ಕ್ಕೆ. ನಮ್ಮ ವೀಕೆಂಡ್ ಲಿಸ್ಟೇ ಕಾರ್ನ್‌ವಾಲಿಸ್‌ನ ಕಾರ್ಯಾಚರಣೆಯ ಲಿಸ್ಟು.

ಈ ಎರಡರ ನಡುವೆ, 1791ರ ಮೇ ತಿಂಗಳಲ್ಲಿ, ಅವನು ಒಮ್ಮೆ ಶ್ರೀರಂಗಪಟ್ಟಣದ ಬಾಗಿಲಿಗೆ ಹೋಗಿ ಸೋತು ಬಂದಿದ್ದ. ಹೋದದ್ದು ಕನಕಪುರದ ಕಡೆಯಿಂದ, ನೀವು ತಲಕಾಡಿಗೋ ಶಿವನಸಮುದ್ರಕ್ಕೋ ಹೋಗುವಾಗ ಹಿಡಿಯುವ ದಿಕ್ಕು. ಟೀಪು ದಾರಿಯುದ್ದಕ್ಕೂ ಮೇವು, ದವಸ ಸುಡಿಸಿದ್ದ. ಅರಕೆರೆಯಲ್ಲಿ ಮೇ 15ರಂದು ಕಾದಾಟ ನಡೆಯಿತು, ಇಂಗ್ಲಿಷರೇ ಗೆದ್ದರು. ಆದರೆ ಗೆದ್ದವರಿಗೆ ತಿನ್ನೋಕೆ ಇರಲಿಲ್ಲ. ಮಳೆ ಹಿಡಿಯಿತು, ಸಿಡುಬು ಹರಡಿತು, ಎತ್ತುಗಳು ಸಾವಿರಗಟ್ಟಲೆ ಸತ್ತವು. ಫಿರಂಗಿ ಎಳೆಯೋಕೆ ಎತ್ತುಗಳಿಲ್ಲದೆ ಕೋಟೆ ಒಡೆಯುವ ದೊಡ್ಡ ಫಿರಂಗಿಗಳನ್ನೆಲ್ಲ ತಾವೇ ಹಾಳುಮಾಡಿ ಬಿಟ್ಟು ವಾಪಸ್ ನಡೆದರು. ಎಂಥ ಫಿರಂಗಿಯಾದರೂ ಕೊನೆಗೆ ಅದು ಎತ್ತು ಎಳೆದಷ್ಟೇ ದೂರ. ಹಾಗಾಗಿ ಮರುವರ್ಷದ ಮುತ್ತಿಗೆಗೆ ಮತ್ತೆ ಫಿರಂಗಿ ಕೂಡಿಸಬೇಕಾಯಿತು, ಮತ್ತೆ ಎತ್ತು, ಮತ್ತೆ ಆನೆ, ದವಸ ಹೊತ್ತು ತರಲು ಲಂಬಾಣಿಗರ ಸಾವಿರಾರು ಎತ್ತಿನ ಹಿಂಡು.

1792ರ ಫೆಬ್ರವರಿ 6ರ ರಾತ್ರಿ ದಾಳಿ ಆಯಿತು. ಇಂಗ್ಲಿಷರು ದ್ವೀಪದೊಳಗೆ ನುಗ್ಗಿದರು. ಟೀಪುವಿನ ಲಾಲ್‌ಬಾಗಿನ ಮರಗಳನ್ನು ಕಡಿದು ಕಂದಕದ ಕಟ್ಟೆಗೆ ಹಾಕಿದರು, ಅಲ್ಲಿದ್ದ ಅರಮನೆ ಗಾಯಾಳುಗಳ ಆಸ್ಪತ್ರೆ ಆಯಿತು. ಕೋಟೆ ಗೋಡೆಗೆ ಗುರಿಯಿಡುವ ಫಿರಂಗಿಗಳ ಸಾಲು ಸಿದ್ಧವಾಗುವ ಹೊತ್ತಿಗೆ ಸಂಧಾನ ಕುದುರಿತು. ಫೆಬ್ರವರಿ 24ಕ್ಕೆ ಕದನ ನಿಂತಿತು. ಅಂದರೆ 1792ರಲ್ಲಿ ಕೋಟೆ ಗೋಡೆ ಒಡೆಯುವ ಪ್ರಮೇಯವೇ ಬರಲಿಲ್ಲ. ಒಡೆಯುತ್ತೇವೆ ಅನ್ನೋದು ಕಣ್ಣಿಗೆ ಕಂಡದ್ದೇ ಸಾಕಾಯಿತು. ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಒತ್ತೆಯಾಗಿ ಹತ್ತು ಮತ್ತು ಎಂಟು ವರ್ಷದ ಇಬ್ಬರು ಗಂಡುಮಕ್ಕಳು. ಹಂಚಿಕೊಂಡವರು ಇಂಗ್ಲಿಷರಷ್ಟೇ ಅಲ್ಲ, ಜೊತೆಗಿದ್ದ ನಿಜಾಮ ಮತ್ತು ಮರಾಠರು ಕೂಡ.

ಆ ಮಕ್ಕಳನ್ನು ಒಪ್ಪಿಸುವ ದೃಶ್ಯದ ಚಿತ್ರ ನೀವು ನೋಡಿರಬಹುದು. ಅದನ್ನು ಬಿಡಿಸಿದವರಲ್ಲಿ ಒಬ್ಬ ರಾಬರ್ಟ್ ಹೋಮ್, ಕಾರ್ನ್‌ವಾಲಿಸ್‌ನ ಸೈನ್ಯದ ಜೊತೆಗೇ ಬಂದಿದ್ದ ಚಿತ್ರಕಾರ. ಅವನು ಮುಂದೆ, 1814ರಲ್ಲಿ, ಎಲ್ಲಿಗೆ ಕೆಲಸಕ್ಕೆ ಹೋದ ಹೇಳಿ? ಲಖನೌಗೆ, ನವಾಬನ ಆಸ್ಥಾನ ಚಿತ್ರಕಾರನಾಗಿ. ಶ್ರೀರಂಗಪಟ್ಟಣದ ಸೋಲನ್ನು ಬರೆದ ಕೈಯಿಂದಲೇ ಅವಧದ ದೊರೆ ತನ್ನ ಭಾವಚಿತ್ರ ಬರೆಸಿಕೊಂಡ.

ಚಹಾ ಅಂಗಡಿಯಲ್ಲಿ ಕೂತು ಈ ಎರಡು ಊರುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಕತೆಯ ಎರಡು ಪ್ರತಿ ಥರ ಕಾಣಿಸಿತು. ಟೀಪು ಹೋರಾಡಿ 1792ರಲ್ಲಿ ಅರ್ಧ ರಾಜ್ಯ ಕಳೆದುಕೊಂಡ. ಅವಧದ ನವಾಬ ಹೋರಾಡದೆಯೇ, ಕಂಪನಿಯ ಸ್ನೇಹಿತನಾಗಿದ್ದುಕೊಂಡೇ, 1801ರಲ್ಲಿ ಸುಮಾರು ಅರ್ಧ ರಾಜ್ಯ ಬಿಟ್ಟುಕೊಟ್ಟ. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರಿಂದ 1831ರಲ್ಲಿ 'ದುರಾಡಳಿತ' ಅಂತ ಹೇಳಿ ಆಡಳಿತ ಕಿತ್ತುಕೊಂಡರು. ಅದೇ ಪದ ಬಳಸಿ 1856ರಲ್ಲಿ ವಾಜಿದ್ ಅಲಿ ಷಾನ ರಾಜ್ಯ ಕಿತ್ತುಕೊಂಡರು. ಮೈಸೂರು 1881ರಲ್ಲಿ ಒಡೆಯರಿಗೆ ವಾಪಸ್ ಸಿಕ್ಕಿತು, ಅವಧ ಸಿಗಲಿಲ್ಲ. ಟೀಪುವಿನ ಮಕ್ಕಳನ್ನು ವೆಲ್ಲೂರಿನ ದಂಗೆಯಾದ ಮೇಲೆ ಕಳಿಸಿದ್ದು ಕಲ್ಕತ್ತೆಗೆ, ವಾಜಿದ್ ಅಲಿ ಷಾ ಕೊನೆಯುಸಿರೆಳೆದದ್ದೂ ಕಲ್ಕತ್ತೆಯಲ್ಲೇ. ನವಾಬನ ಶಸ್ತ್ರಾಗಾರ ನೋಡಿಕೊಳ್ಳುತ್ತಿದ್ದ ಫ್ರೆಂಚನೊಬ್ಬ, ಇಂಗ್ಲಿಷರಿಗಾಗಿ, ಫ್ರೆಂಚರ ಸ್ನೇಹಿತನಾದ ಟೀಪುವಿನ ಮೇಲೆ ಹೋದ ಫಿರಂಗಿ ಹೊಯ್ಯಿಸಿದ. ಇದರಲ್ಲಿ ಯಾರು ಯಾರ ಕಡೆ ಅಂತ ಬಣ್ಣ ಹಚ್ಚಿ ನಕ್ಷೆ ಬರೆಯೋದು ಕಷ್ಟ. ಈಗಿನ ವಾಟ್ಸ್ಯಾಪ್ ಇತಿಹಾಸಕಾರರಿಗೆ ಮಾತ್ರ ಸುಲಭ.

ಆದರೆ ನನ್ನನ್ನು ಕೊರೆಯುತ್ತಿದ್ದದ್ದು ಇದಲ್ಲ. ಶ್ರೀರಂಗಪಟ್ಟಣದ ಬಗ್ಗೆ ನನಗೆ ಹೇಗೋ ಗೊತ್ತಿತ್ತು. ಮಳವಳ್ಳಿ ಬಗ್ಗೆ ನಾನು ಏನು ತಿಳಿದಿದ್ದೆ?

1799ರಲ್ಲಿ ಜನರಲ್ ಹ್ಯಾರಿಸ್ ಬಂದದ್ದೂ ಅದೇ ಕನಕಪುರದ ದಾರಿಯಲ್ಲಿ. ಮಾರ್ಚ್ 27ಕ್ಕೆ ಮಳವಳ್ಳಿ ಬಯಲಿನಲ್ಲಿ ಟೀಪು ಎದುರಾದ, ಸೋತು ಹಿಂದೆ ಸರಿದ. ಆ ಬಯಲಿನಲ್ಲಿ ಇಂಗ್ಲಿಷರ ಎಡಗಡೆ ಇದ್ದವನು ಆರ್ಥರ್ ವೆಲ್ಲೆಸ್ಲಿ, ಹದಿನಾರು ವರ್ಷದ ನಂತರ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು. ಹ್ಯಾರಿಸ್ ಅರಕೆರೆ ಕಡೆಯ ನೇರ ದಾರಿ ಬಿಟ್ಟು ದಕ್ಷಿಣಕ್ಕೆ ತಿರುಗಿ ಸೋಸಲೆಯ ಹತ್ತಿರ ಕಾವೇರಿ ದಾಟಿದ. ನೇರ ದಾರಿಯ ಮೇವನ್ನೆಲ್ಲ ಟೀಪು ಸುಡಿಸಿದ್ದ. ಸೋಸಲೆ ಕಡೆ ಸುಟ್ಟಿರಲಿಲ್ಲ, ಅಲ್ಲಿ ದನ, ಮೇವು, ದವಸ ಸಿಕ್ಕಿತು. ಮೇ 4ಕ್ಕೆ ಕೋಟೆ ಬಿತ್ತು.

ಈ ಪ್ಯಾರಾವನ್ನು ನಾನು ಹತ್ತಾರು ಸಲ ಓದಿದ್ದೆ. ಯಾವಾಗಲೂ ಸೇನಾಪತಿಯ ಹೆಗಲ ಮೇಲೆ ಕೂತು ಓದಿದ್ದೆ. ದವಸ 'ಸಿಕ್ಕಿತು' ಅಂತ ಓದುವಾಗ, ಅದು ಯಾರ ದವಸ ಅಂತ ಒಂದು ಸಲವೂ ಅನ್ನಿಸಿರಲಿಲ್ಲ. ಮಳವಳ್ಳಿಯಿಂದ ಕಾವೇರಿಗೆ ಇಳಿಯುವ ಆ ಸೀಮೆಯಲ್ಲೇ ನಮ್ಮ ಊರೂ ಇರೋದು. ನಾನು ಓದಿದ ಯುದ್ಧದ ಪುಸ್ತಕಗಳಲ್ಲಿ ಪೂರಿಗಾಲಿಯ ಹೆಸರು ಬರಲ್ಲ. ಬರುವ ಕಾರಣವೂ ಇಲ್ಲ, ಅಲ್ಲಿ ಕೋಟೆ ಇರಲಿಲ್ಲ, ರಾಗಿ ಇತ್ತು. ಸೈನ್ಯದ ಲೆಕ್ಕಕ್ಕೆ ಅದು ಊರಲ್ಲ, ಮೇವು.

ಯುದ್ಧ ಮುಗಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನೋ ಸ್ಕಾಟಿಷ್ ವೈದ್ಯ ಕಂಪನಿಯ ಅಪ್ಪಣೆಯ ಮೇಲೆ ಮೈಸೂರು ಸೀಮೆ ಸುತ್ತಿ, ಬೆಳೆ, ಗೊಬ್ಬರ, ಮಗ್ಗ, ಜಾತಿ ಎಲ್ಲ ಬರೆದುಕೊಂಡ. ಅವನು ಮಳವಳ್ಳಿಗೂ ಬಂದಿದ್ದ. ಹೈದರಾಲಿ ಈ ಊರನ್ನು ಮಗ ಟೀಪುವಿಗೆ ಜಹಗೀರಾಗಿ ಕೊಟ್ಟಿದ್ದು, ಕೆರೆಯ ಹತ್ತಿರ ಇದ್ದ ದೊಡ್ಡ ಹಣ್ಣಿನ ತೋಟ, ಎಲ್ಲ ಅವನ ಬರಹದಲ್ಲಿದೆ. ಯುದ್ಧ ಆದ ಮೇಲೆ ಟೀಪುವೇ ಜನ ಕಳಿಸಿ ಮಳವಳ್ಳಿಯನ್ನು ಹಾಳುಮಾಡಿಸಿದ, ಇಂಗ್ಲಿಷರಿಗೆ ಉಪಯೋಗ ಆಗದಿರಲಿ ಅಂತ, ಅನ್ನೋದೂ ಇದೆ.

ಇದನ್ನು ಟೀಪುವಿನ ಮೇಲೆ ಚಾಡಿ ಹೇಳೋಕೆ ಬರೆಯುತ್ತಿಲ್ಲ. ಯುದ್ಧದ ಪಾಠದಲ್ಲಿ ಅದು ಸರಿಯಾದ ತಂತ್ರ. ಎಂಟು ವರ್ಷ ಮೊದಲು ಅದೇ ತಂತ್ರದಿಂದ ಕಾರ್ನ್‌ವಾಲಿಸ್‌ನನ್ನು ಓಡಿಸಿದ್ದ, ರಷ್ಯನ್ನರು 1812ರಲ್ಲಿ ನೆಪೋಲಿಯನ್ನನ ಮೇಲೆ ಮಾಡಿದ್ದೂ ಅದನ್ನೇ. ಆದರೆ ಅಪ್ಪ ಕೊಟ್ಟ ಊರು, ತನ್ನದೇ ಜಹಗೀರು. ಆ ಮಾರ್ಚ್ ತಿಂಗಳ ಕೊನೆಯಲ್ಲಿ ಮಳವಳ್ಳಿಯಲ್ಲಿ ಒಬ್ಬ ಒಕ್ಕಲಿಗನೋ, ಕುಂಬಾರನೋ, ನೇಯುವವನೋ ಮನೆ ಮುಂದೆ ನಿಂತಿದ್ದ ಅಂದುಕೊಳ್ಳಿ. ಪೂರ್ವದಿಂದ ಬಂದ ಕೆಂಪು ಕೋಟಿನವನು ಅವನ ದವಸ ಒಯ್ಯುತ್ತಾನೆ. ಪಶ್ಚಿಮದಿಂದ ಬಂದ ಸುಲ್ತಾನನ ಸವಾರ ಅವನ ಮನೆಗೆ ಬೆಂಕಿ ಇಡುತ್ತಾನೆ. ಇವತ್ತು ನಾವು ಬೆಂಗಳೂರಿನಲ್ಲಿ ಕಾಫಿ ಕುಡಿಯುತ್ತಾ ಟೀಪು ಹುಲಿಯೋ ಕ್ರೂರಿಯೋ ಅಂತ ಜಗಳ ಆಡುವಾಗ, ಆ ಮನುಷ್ಯನನ್ನು ಒಬ್ಬರೂ ಸಾಕ್ಷಿಗೆ ಕರೆಯಲ್ಲ.

ಕಲ್ಲುಗಳೂ ಕರೆಯಲ್ಲ. ಲಖನೌ ರೆಸಿಡೆನ್ಸಿಯ ಸ್ಮಶಾನದಲ್ಲಿ ಸತ್ತ ಇಂಗ್ಲಿಷರಿಗೆ ಹೆಸರು ಸಹಿತ ಕಲ್ಲುಗಳಿವೆ. ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನದಲ್ಲಿ, ಕೂಲಿಗೆ ಬಂದು ಕಾದಾಡಿದ ಡಿ ಮ್ಯೂರಾನ್ ಪಡೆಯ ಸ್ವಿಸ್ ಸೈನಿಕರಿಗೂ ಗೋರಿಗಳಿವೆ. ಕೋಟೆಯ ಬಿರುಕಿನ ಹತ್ತಿರ 1799ರ ಮುತ್ತಿಗೆಯಲ್ಲಿ ಸತ್ತ ಇಂಗ್ಲಿಷ್ ಅಧಿಕಾರಿಗಳಿಗೆ ಒಂದು ಸ್ತಂಭ ಇದೆ, ಅದನ್ನು ನಿಲ್ಲಿಸಿದ್ದು 1907ರಲ್ಲಿ ನಮ್ಮದೇ ಮೈಸೂರು ಸರ್ಕಾರ. ಶಾಲೆಯ ಟ್ರಿಪ್ಪಿನಲ್ಲಿ ಅದರ ಕಟ್ಟೆ ಮೇಲೆ ಕೂತು ನಾವು ಚುರುಮುರಿ ತಿಂದಿದ್ದೆವು. ಯಾರದ್ದು ಅಂತ ಕೇಳಿರಲಿಲ್ಲ.

ಸಂಜೆ ಐದಾಗಿತ್ತು. ಮೂರನೇ ಚಹಾ. ಕಬಾಬಿನ ಪ್ಲ್ಯಾನು ಬಿಟ್ಟುಹೋಗಿತ್ತು. ಆಗ ನೆನಪಾದದ್ದು ನಮ್ಮ ಮನೆಯ ಹಗೇವು.

ಸಿಟಿಯಲ್ಲೇ ಬೆಳೆದವರಿಗೆ ಹೇಳಬೇಕು. ಹಗೇವು ಅಂದರೆ ನೆಲದೊಳಗಿನ ಕಣಜ. ಗಟ್ಟಿ ಮಣ್ಣಿರುವ ಜಾಗದಲ್ಲಿ ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ ಬಿಟ್ಟು, ಒಳಗೆ ಹಂಡೆಯ ಥರ ಅಗಲವಾಗಿ ತೋಡುತ್ತಾರೆ. ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮೇಲೆ ಮಣ್ಣು ಮುಚ್ಚಿದರೆ ಮುಗಿಯಿತು. ಗಾಳಿಯಾಡದ್ದರಿಂದ ಹುಳ ಬರಲ್ಲ, ರಾಗಿ ವರ್ಷಗಟ್ಟಲೆ ಕೆಡಲ್ಲ. ತೆಗೆಯುವಾಗ ಮಾತ್ರ ಹುಷಾರು. ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಇಳಿಯಬಾರದು, ದೀಪ ಇಳಿಬಿಟ್ಟು ನೋಡಬೇಕು, ಆರಿಹೋದರೆ ಕಾಯಬೇಕು. ಅಜ್ಜಿ ಇದನ್ನು ಬರಗಾಲಕ್ಕೆ ಅಂತ ಹೇಳುತ್ತಿದ್ದಳು. ಬರಗಾಲಕ್ಕೇ ಇರಬಹುದು. ಆದರೆ ಕಣಜ ಅಟ್ಟದ ಮೇಲಿದ್ದರೂ ಬರಗಾಲಕ್ಕೆ ಆಗುತ್ತದಲ್ಲ. ಮೇಲೆ ಮಣ್ಣು ಹಾಕಿ, ಸಗಣಿ ಸಾರಿಸಿ, ಅಲ್ಲಿ ಏನೂ ಇಲ್ಲ ಅನ್ನಿಸುವ ಹಾಗೆ ಮಾಡೋದು ಯಾರಿಗೆ ಕಾಣದಿರಲಿ ಅಂತ? ಕುದುರೆ ಮೇಲೆ ಬರುವವನಿಗೆ. ಅವನ ಕೋಟಿನ ಬಣ್ಣ ಯಾವುದಾದರೂ ಆಗಲಿ.

ನವಾಬ ಬರಕ್ಕೆ ಇಮಾಂಬಾಡಾ ಕಟ್ಟಿದ, ಅದು ಎಲ್ಲರಿಗೂ ಕಾಣುತ್ತದೆ, ಟಿಕೆಟ್ ಇಟ್ಟಿದ್ದಾರೆ. ನಮ್ಮವರು ಬರಕ್ಕೂ ದಂಡಿಗೂ ಸೇರಿಸಿ ಕಾಣದಂಥದ್ದನ್ನು ತೋಡಿದರು.

ಏರ್‌ಪೋರ್ಟಿಗೆ ಹೋಗುವ ಟ್ಯಾಕ್ಸಿಯಿಂದ ಅಪ್ಪನಿಗೆ ಫೋನ್ ಮಾಡಿದೆ. ಹಿನ್ನೆಲೆಯಲ್ಲಿ ಹಾಲಿನ ಡೈರಿಯ ಸದ್ದು.

'ಅಪ್ಪ, ನಮ್ಮ ಹಗೇವು ಎಲ್ಲಿತ್ತು ಸರಿಯಾಗಿ?'

'ಯಾಕ್ಲಾ, ಲಖನೌಗೆ ಹೋಗಿ ಹಗೇವು ಕೇಳ್ತಿದ್ದೀಯಾ? ಕೆಲಸ ಗಿಲಸ ಹೋಯ್ತಾ?'

'ಇಲ್ಲಪ್ಪ, ಸುಮ್ಮನೆ.'

'ಅದೇ ಕೊಟ್ಟಿಗೆ ಮುಂದೆ. ಮುಚ್ಚಿ ಮೂವತ್ತ್ ವರ್ಸ ಆಯ್ತು. ಈಗ ಟ್ರ್ಯಾಕ್ಟರ್ ನಿಲ್ಸಾಕಿಲ್ವಾ, ಅದರ ಹಿಂದ್ಲ ಚಕ್ರದ ತಾವ. ಮಳೆ ಬಂದ್ರೆ ಅಲ್ಲೊಸಿ ಕುಸೀತದೆ, ಎಷ್ಟ್ ಮಣ್ಣ್ ಹಾಕುದ್ರೂ.'

ಮುಂದಿನ ಸಲ ಊರಿಗೆ ಬಂದಾಗ ತೋರಿಸು ಅಂದೆ. ಆಯ್ತು ಬುಡು, ಊಟ ಮಾಡ್ಕೊ ಅಂದ. ಟ್ಯಾಕ್ಸಿಯವನು ಕನ್ನಡಿಯಲ್ಲಿ ನೋಡಿ, ಇದು ಯಾವ ಭಾಷೆ ಸಾರ್ ಅಂತ ಕೇಳಿದ.